ನೇರಳೆ ವೈನಿನ ಮೊದಲ ಗುಟುಕು

ಕುಡಿತ ಬಿಟ್ಟವನೊಬ್ಬನ ಕಥೆಯನ್ನು ಅವನ ಅಪ್ಪಣೆಯಿಲ್ಲದೆ ಹೇಳುವುದು ಸರಿಯಲ್ಲವೇನೋ. ಹೇಳದಿದ್ದರೂ ಸಮಾಧಾನವಿಲ್ಲ. ಎಲ್ಲಾದರೂ ತಪ್ಪು ಕಂಡರೆ ಅದು ಹೇಳಿದವರದು, ರಂಗಸ್ವಾಮಿಯದಲ್ಲ. ಕ್ಷಮಿಸಬೇಕು.

ದಂಡಿಗನಹಳ್ಳಿ ಕಡೆಯ ರಂಗಸ್ವಾಮಿ ನಾಲ್ಕು ವರ್ಷದ ಹಿಂದೆ ಮನೆದೇವರ ಮುಂದೆ ಉರಿಯುವ ಕರ್ಪೂರ ಆರಿಸಿ, ಇನ್ನು ಮುಟ್ಟುವುದಿಲ್ಲ ಅಂತ ಆಣೆ ಮಾಡಿದ್ದ. ಅದಕ್ಕೂ ಹಿಂದಿನ ಹತ್ತು ವರ್ಷ ಹೇಗೆ ಕಳೆಯಿತು ಅನ್ನುವುದು ಹೆಂಡತಿ ಲಕ್ಕಮ್ಮನಿಗೆ ಗೊತ್ತು. ಅವಳು ಅದನ್ನು ಯಾವತ್ತೂ ಆಡಿ ತೋರಿಸಿದವಳಲ್ಲ.

ಈ ಆಷಾಢದಲ್ಲಿ ಹಾಸನದಿಂದ ಪ್ರೇಮಕುಮಾರಿ ಫೋನು ಮಾಡಿದಳು. ಹೋದ ವರ್ಷ ಇವನ ಹೊಲದ ಬದುವಿನ ನೇರಳೆ ಹಣ್ಣು ಒಯ್ದು ವೈನ್ ಮಾಡಿದ್ದವಳು. “ರುಚಿ ನೋಡೋಕೆ ಇಪ್ಪತ್ತು ಜನ ಬರ್ತಾರೆ ಅಣ್ಣ. ಮೊದಲ ಗುಟುಕು ನಿಮ್ದೇ.” ಆಗ ಇಲ್ಲವೆನ್ನಲು ಅವನಿಗೆ ಬಾಯಿ ಬರಲಿಲ್ಲ. ಮದುವೆಯಾಗಿ ಇಪ್ಪತ್ತೈದು ವರ್ಷವಾಯಿತು, ಎರಡು ದಿನ ಹಾಸನದಲ್ಲಿದ್ದು ಬರೋಣ ಅಂತ ಹೆಂಡತಿಯನ್ನು ಹೊರಡಿಸಿದ. ವೈನ್ ವಿಷಯ ಹೇಳಿದ. ಮೊದಲ ಗುಟುಕಿನದು ಹೇಳಲಿಲ್ಲ.

ಹಾಸನದಲ್ಲಿ ಬಿಡದ ಸೋನೆ. ಲಾಡ್ಜಿನಲ್ಲಿ ಹರವಿದ ಒದ್ದೆ ಬಟ್ಟೆ ಒಣಗಲಿಲ್ಲ. ಲಕ್ಕಮ್ಮನಿಗೆ ಅದರ ಚಿಂತೆಯಿಲ್ಲ.

“ಕುಂತ ಕಡೆಗೇ ಕಾಪಿ ತಂದ್ಕೊಡ್ತಾರಲ್ಲ, ಇಲ್ಲೇ ಇದ್ಬುಡಾನ ಕಣ್ರೀ.”

ಅವನು ನಕ್ಕ. ಒಳಗೆ ಮಾತ್ರ ಹೆದರಿಕೆ ಕೊರೆಯುತ್ತಿತ್ತು.

ಮರುದಿನ ಮಧ್ಯಾಹ್ನ ಹೋಟೆಲಿನ ಮಹಡಿಯಲ್ಲಿ ಪ್ರೇಮಕುಮಾರಿ ಬಾಟಲಿ ತೆರೆದು, ಗಾಜಿನ ಲೋಟ ಅವನ ಕೈಗೇ ಕೊಟ್ಟಳು. “ಈ ಹಣ್ಣು ಬೆಳೆದೋರು ಇವರೇ, ಮೊದಲ ಗುಟುಕೂ ಇವರ್ದೇ!” ಚಪ್ಪಾಳೆ ಬಿತ್ತು.

“ತಗೊಳ್ಳಿ ಯಜಮಾನ್ರೇ,” ಅಂದ ಕಾಫಿ ವ್ಯಾಪಾರಿ ಬಸವೇಶ. “ನೇರಳೆ ಹಣ್ಣು ಶುಗರಿಗೆ ಔಷಧಿ!”

ವಾಸನೆ ಮೂಗಿಗೆ ತಾಗಿದ್ದೇ ಗಂಟಲು ತಾನಾಗಿ ಉಗುಳು ನುಂಗಿತು. ಆಣೆ ಇದೆ ಅಂದರೆ ತಾನು ಎಂಥವನಾಗಿದ್ದೆ ಅಂತ ಇಷ್ಟು ಜನಕ್ಕೂ ತಿಳಿಯುತ್ತದೆ. ಅನ್ನದಿದ್ದರೆ ಕುಡಿಯಬೇಕು.

ಲಕ್ಕಮ್ಮ ಎದ್ದು ಬಂದಳು.

“ಇಲ್ ಕೊಡಿ. ಮರ ಹತ್ತಿ ಉದುರಿಸ್ದೋರು ನೀವು. ಸೊಂಟ ಬಗ್ಗಿಸಿ ಆಯ್ದೋಳು ನಾನಲ್ವಾ? ಮೊದ್ಲ ಗುಟುಕು ನಂದು.”

ಹುಟ್ಟಿದಾಗಿನಿಂದ ಮುಟ್ಟದವಳು ಕಣ್ಣು ಮುಚ್ಚಿ ಕುಡಿದಳು. ಮುಖ ಕಿವುಚಿದಳು.

“ಥೂ, ಒಗ್ರು!”

ಎಲ್ಲರೂ ನಕ್ಕರು. ಅವಳು ಕೈಯೆತ್ತಿ ತಡೆದಳು. “ತಡೀರಿ… ಇವಾಗ ಸೀ ಬತ್ತಾ ಐತೆ. ನೆಲ್ಲಿಕಾಯಿ ತಿಂದು ನೀರು ಕುಡಿದ್ರೆ ಬತ್ತದಲ್ಲ, ಅಂಗೆ.”

“ಅಯ್ಯೋ ಅಕ್ಕಾ,” ಅಂತ ಪ್ರೇಮಕುಮಾರಿ ಚೀಟಿಯ ಮೇಲೆ ಬರೆದುಕೊಂಡಳು. “ಇದರ ರುಚೀನ ಹೇಗೆ ಹೇಳೋದು ಅಂತ ವರ್ಷದಿಂದ ಒದ್ದಾಡ್ತಿದ್ದೆ.”

ಬಸವೇಶ ಬಿಡಲಿಲ್ಲ. “ಯಜಮಾನ್ರಿಗೆ?”

“ಅವರ ಪಾಲಿಂದೂ ನಾನೇ ನುಂಗ್ದೆ ಬುಡಿ. ಇಪ್ಪತ್ತೈದು ವರ್ಷದಿಂದ ಅದೇ ಕೆಲ್ಸ ನಂದು.”

ಮತ್ತೆ ನಗೆ. ರಂಗಸ್ವಾಮಿಗೆ ನಗು ಬರಲಿಲ್ಲ, ಕಣ್ಣು ತುಂಬಿತು. ಕಿಟಕಿಯ ಕಡೆ ತಿರುಗಿ ಮಳೆ ನೋಡುವವನಂತೆ ನಿಂತ.

ಸಂಜೆ ಬೀದಿಯಲ್ಲಿ ಕಷ್ಟಪಟ್ಟು ಬಾಯಿಬಿಟ್ಟ. ಅವರ ಮನೆಯಲ್ಲಿ ಗಂಡ ಹೆಂಡತಿಗೆ ಹೇಳುವ ಮಾತಲ್ಲ ಅದು.

“ನಿನ್ನಿಂದ ಉಳ್ಕಂಡೆ ಕಣಮ್ಮಿ.”

“ಬಿರ್ರನೆ ನಡೀರಿ, ತಲೆ ನೆನೀತಾ ಐತೆ,” ಅಂದಳು. ಆದರೆ ಅವನ ತೋಳು ಹಿಡಿದುಕೊಂಡೇ ನಡೆದಳು.

ಗಂಡನ ಮಾನ ಉಳಿಸಲೆಂದೇ ಅವಳು ಕೈಚಾಚಿದಳೋ, ಹತ್ತು ವರ್ಷ ಅವನನ್ನು ಹಿಡಿದಿಟ್ಟುಕೊಂಡ ಆ ಪದಾರ್ಥದಲ್ಲಿ ಅಂಥದ್ದೇನಿದೆ ಅಂತ ಒಮ್ಮೆ ನೋಡಬೇಕೆನಿಸಿತೋ, ರಂಗಸ್ವಾಮಿಗೆ ಗೊತ್ತಿಲ್ಲ. ಅವಳು ಹೇಳಿಲ್ಲ. ಅವನು ಇನ್ನೂ ಕೇಳಿಲ್ಲ.