ಆರನೆಯ ಸಾಲು

ಶಾರದ ಎಡಗೈಯ ತೋರುಬೆರಳಿನಿಂದ ಪರದೆಯ ಕೆಳಸಾಲನ್ನು ನಾಲ್ಕನೆಯ ಸಲ ಒತ್ತಿದಾಗಲೂ ಲ್ಯಾಪ್‌ಟಾಪು ಬಾಯಿ ಬಿಡಲಿಲ್ಲ. ನಡುಮನೆಯಲ್ಲಿ ಗಂಡನ ದೇಹವನ್ನು ದಕ್ಷಿಣಕ್ಕೆ ತಲೆಮಾಡಿ ಮಲಗಿಸಿದ್ದರು. ಆಕೆಯ ಗಾಲಿಕುರ್ಚಿಯನ್ನು ಕೋಣೆಯ ಬಾಗಿಲಲ್ಲಿ ನಿಲ್ಲಿಸಿ, ಮಡಿಲ ಮೇಲೆ ಹಲಗೆ, ಹಲಗೆಯ ಮೇಲೆ ಆ ಯಂತ್ರ ಇಟ್ಟು, ಮೈದುನ ವಾಗೀಶ ಬಗ್ಗಿ ನಿಂತಿದ್ದ.

“ಅತ್ತಿಗೆ, ಇನ್ನೊಂದ್ಸಲ ಒತ್ತಿ. ಬೇಕು ಅಂತಾನೋ, ಬೇಡ ಅಂತಾನೋ.”

ಐದನೆಯ ಸಲವೂ ಅಷ್ಟೇ.

ಸುಷ್ಮಿತಾ ಗೇಟಿನ ಹತ್ತಿರ ಚಪ್ಪಲಿ ಬಿಟ್ಟು ಒಳಗೆ ಬಂದದ್ದು ಆಗ. ಬಿಂದುಮಾಧವರ ಕೈಕೆಳಗೆ ಹನ್ನೆರಡು ವರ್ಷ ಪ್ರೋಗ್ರಾಂ ಬರೆದು, ಮೂರು ವರ್ಷದ ಹಿಂದೆ ಗೋಕುಲಂನ ಒಂದು ಯೋಗಶಾಲೆಯ ಕಚೇರಿಗೆ ಸೇರಿದವಳು. ದೇಹದ ಕಾಲ ಬಳಿ ಕೂತು ಕೈಮುಗಿದಳು. ಮೇಲೇಳುವ ಮೊದಲೇ ವಾಗೀಶನ ದನಿ ಬಂತು.

“ಬಂದ್ರಾ? ಅಳೋದಿದ್ರೆ ಆಮೇಲೆ ಎಲ್ಲರೂ ಸೇರಿ ಅಳೋಣ. ಮೊದಲು ಇದನ್ನ ನೋಡಿ.”

ವಿಷಯ ಇಷ್ಟು. ಬಿಂದುಮಾಧವರು ತೀರಿಕೊಂಡದ್ದು ಬೆಳಗಿನ ಐದು ಹತ್ತಕ್ಕೆ. ಹನ್ನೊಂದು ವರ್ಷದ ಹಿಂದೆ ಅವರು ಕಣ್ಣು ದಾನಕ್ಕೆ ಬರೆದುಕೊಟ್ಟಿದ್ದರು. ಆರು ಗಂಟೆಯೊಳಗೆ ತೆಗೆದುಕೊಳ್ಳಬೇಕು. ಎಂದರೆ ಹನ್ನೊಂದು ಹತ್ತರ ಒಳಗೆ. ಈಗ ಒಂಬತ್ತು ಐವತ್ತು. ನೇತ್ರಭಂಡಾರದ ಸುಂದರೇಶ ತೊಡೆಯ ಮೇಲೊಂದು ಸಣ್ಣ ಮಂಜುಗಡ್ಡೆಯ ಪೆಟ್ಟಿಗೆ ಇಟ್ಟುಕೊಂಡು ವರಾಂಡದಲ್ಲಿ ಕೂತಿದ್ದ. ಕಾರ್ಡಿದ್ದರೆ ಸಾಲದು, ಮನೆಯವರ ಒಪ್ಪಿಗೆ ಬೇಕು. ಹೆಂಡತಿ ಇರುವಾಗ ಅವರ ಮಾತೇ ಮೊದಲು ಎಂದು ಅವನು ಬಂದೊಡನೆ ಹೇಳಿದ್ದ.

ಹೆಂಡತಿಗೆ ಮಾತಿರಲಿಲ್ಲ. ಆರು ವರ್ಷದ ಹಿಂದಿನ ಪಾರ್ಶ್ವವಾಯು ಶಾರದಳ ಬಲಗೈಯನ್ನೂ ನಾಲಗೆಯನ್ನೂ ಒಟ್ಟಿಗೆ ಒಯ್ದಿತ್ತು. ಬುದ್ಧಿ ಸ್ವಚ್ಛವಾಗಿತ್ತು. ಆದರೆ ತಲೆ ಮಾತ್ರ ಕೇಳಿದ್ದಕ್ಕೆಲ್ಲ ಹೌದೆನ್ನುತ್ತಿತ್ತು; ಕಾಫಿ ಬೇಕೇ ಎಂದರೂ ಹೌದು, ಮನೆಗೆ ಬೆಂಕಿ ಬಿದ್ದಿದೆಯೇ ಎಂದರೂ ಹೌದು. ನಂಬತಕ್ಕದ್ದು ಒಂದೇ, ಗಂಡ ಬರೆದುಕೊಟ್ಟ ಈ ಪ್ರೋಗ್ರಾಂ. ಪರದೆಯ ಮೇಲೆ ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಆರು, ಒಟ್ಟು ಇಪ್ಪತ್ತನಾಲ್ಕು ಚಿತ್ರದ ಬಟನ್ನುಗಳು. ಮುಟ್ಟಿದರೆ ಆ ಪದ ಕೇಳಿಸುತ್ತದೆ. ಆರನೆಯ ಸಾಲಿನಲ್ಲಿ ಬೇಕು, ಬೇಡ, ಸಾಕು, ಆಮೇಲೆ.

“ಬೆಳಿಗ್ಗೆಯಿಂದ ಹುಚ್ಚು ಹಿಡಿದ ಹಾಗೆ ಆಡ್ತಿದೆ ಕಣ್ರೀ,” ಎಂದಳು ವಾಗೀಶನ ಹೆಂಡತಿ ಕಮಲ. “ಅಕ್ಕ ನೀರು ಒತ್ತಿದ್ರೆ ಫ್ಯಾನ್ ಅಂತು. ಪಾಪ, ಸೆಖೆಯೇನೋ ಅಂತ ಹಾಕ್ದೆ. ಭಾವನವರ ತಲೆ ಹತ್ರ ಇಟ್ಟಿದ್ದ ದೀಪ ಆರಿಹೋಯ್ತು. ಇವರು ನನ್ನ ಮೇಲೆ ಹಾರಾಡಿದ್ರು.”

“ಹಾರಾಡದೆ ಆರತಿ ಎತ್ತಬೇಕಿತ್ತೇನೆ?”

“ನಿಜ ಹೇಳ್ಲಾ ಸುಷ್ಮಿತಾ, ಕಣ್ಣು ತೆಗೆದು ಕಳಿಸೋದು ನನಗೂ ಸರಿ ಕಾಣೋದಿಲ್ಲ.”

“ನಿನ್ನನ್ನ ಯಾರು ಕೇಳಿದ್ರು?”

“ಯಾರೂ ಕೇಳಲ್ಲ. ಅದಕ್ಕೇ ಹೇಳ್ತಿರೋದು.”

ಸುಷ್ಮಿತಾ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಯಂತ್ರವನ್ನು ತನ್ನತ್ತ ತಿರುಗಿಸಿಕೊಂಡಳು. ಶಾರದ ಅವಳ ಭುಜದ ಮೇಲೆ ಎಡಗೈ ಇಟ್ಟಳು. ಕೈ ಬಿಸಿಯಾಗಿತ್ತು.

*

ಕುಂಬಾರಕೊಪ್ಪಲಿನಲ್ಲಿ ಸುಷ್ಮಿತಾಳ ತಂದೆ ಮಹದೇವಯ್ಯನ ಹಿಟ್ಟಿನ ಗಿರಣಿ. ಅದರ ಮೇಲಿನ ಒಂದು ಕೋಣೆಯನ್ನು ಬಿಂದುಮಾಧವರು ಬಾಡಿಗೆಗೆ ಹಿಡಿದು ಇಪ್ಪತ್ತೆರಡು ವರ್ಷ ಕೂತರು. ಅವರ ಅಜ್ಜ ಅರಮನೆಯಲ್ಲಿ ಪುರಾಣ ಓದಿದವರು, ತಂದೆ ಸಂಸ್ಕೃತದ ಮೇಷ್ಟ್ರು. ಇವರು ಮರದ ಡಿಪೋ, ಕಲ್ಯಾಣಮಂಟಪ, ನರ್ಸಿಂಗ್ ಹೋಮುಗಳ ಗುಮಾಸ್ತರು ವಿಂಡೋಸ್ ಪರದೆಯ ಮೇಲೆ ಒತ್ತುವ ಬಟನ್ನುಗಳನ್ನೂ ತುಂಬುವ ಖಾನೆಗಳನ್ನೂ ಬರೆದರು. ಎಲ್ಲಿಯೂ ತಮ್ಮ ಹೆಸರು ಹಾಕಲಿಲ್ಲ.

ಒಂದು ಮಧ್ಯಾಹ್ನ ಪರದೆಯ ಮೇಲಿನ ನಕ್ಷೆ ಮಿಣಿಮಿಣಿ ಅದುರುತ್ತಿತ್ತು. ಹಿಟ್ಟು ಮೆತ್ತಿದ ಕೈಯಲ್ಲೇ ಮೇಲೆ ಬಂದ ಮಹದೇವಯ್ಯ ನೋಡಿ ನಕ್ಕ. “ನನ್ ಗಿರಣಿ ಅದುರೋದು ಸರಿ. ನಿಮ್ ಪೆಟ್ಗೆ ಯಾಕ್ ಸಾಮಿ ಅದುರ್ತದೆ?”

“ಅಳಿಸಿ ಬರೆಯೋದು ನಿಮ್ಮ ಕಣ್ಣಿಗೆ ಕಾಣ್ತಿದೆ ಮಹದೇವಯ್ಯ. ಮರೆಯಲ್ಲಿ ಪೂರ್ತಿ ಬರೆದು ಒಂದೇ ಸಲ ತಂದು ಇಡಬೇಕು. ನಿಮ್ಮ ಮಗಳು ಅವಸರ ಮಾಡಿದ್ದಾಳೆ.”

“ಅವಳು ಹುಟ್ಟಿದ್ದೇ ಅವಸರದಲ್ಲಿ. ಬೈದು ಕಲಿಸ್ಬುಡಿ.”

ಅವರು ಬೈಯುತ್ತಿರಲಿಲ್ಲ. ಕಲಿಸುತ್ತಿದ್ದರು. ಬರೆದ ಚಿತ್ರದ ಮೇಲೆ ಪರದೆಯಲ್ಲಿನ ಇನ್ನೊಂದು ಕಿಟಕಿಯನ್ನು ಎಳೆದು ಸರಿಸಿ, ಅಡಿಯ ಗೆರೆಗಳು ಅಳಿಸಿಹೋದದ್ದನ್ನು ತೋರಿಸಿ, “ಒಂದು ಸಲ ಬರೆದೆ ಅಂತ ಕೂರೋ ಹಾಗಿಲ್ಲ ಕಣಮ್ಮ. ಕಿಟಕಿ ಕೇಳಿದಾಗಲೆಲ್ಲ ಬರೀಬೇಕು,” ಎನ್ನುತ್ತಿದ್ದರು.

ಡಿಪೋದ ಚಿಕ್ಕಬಸವಯ್ಯ ರಸೀದಿ ಮುದ್ರಿಸುವ ಬದಲು ಅಳಿಸುವ ಬಟನ್ನನ್ನೇ ಒತ್ತುತ್ತಾನೆಂದು ಮೂರು ಸಲ ದೂರು ಬಂತು. “ಆತ ತಪ್ಪು ಒತ್ತುತ್ತಾನೆ ಸರ್,” ಎಂದಳು ಸುಷ್ಮಿತಾ. ಅವರು ಸ್ಕೂಟರ್ ಹತ್ತಿ ಡಿಪೋಗೆ ಹೋಗಿ, ಚಿಕ್ಕಬಸವಯ್ಯನ ಬೆನ್ನಹಿಂದೆ ಸ್ಟೂಲು ಹಾಕಿಕೊಂಡು ಅರ್ಧ ಗಂಟೆ ತುಟಿ ಬಿಚ್ಚದೆ ಅವನ ಬೆರಳನ್ನೇ ನೋಡಿದರು. ವಾಪಸು ಬರುವಾಗ ಹೇಳಿದರು: “ಒತ್ತಿದ್ದು ತಪ್ಪು ಅನ್ನೋ ಮೊದಲು ನಾವು ಬರೆದದ್ದು ಸರಿಯಾ ಅಂತ ನೋಡಬೇಕು.”

“ನಾವು ಬರೆದದ್ದು ಸರಿ ಇದ್ರೆ?”

“ಸರಿ ಇದ್ರೆ, ಒತ್ತಿದ್ದೇ ಅವರ ಮಾತು. ಆಮೇಲೆ ನಮಗೆ ಅಲ್ಲಿ ಕೆಲಸವಿಲ್ಲ.”

*

“ಪರದೆಯನ್ನ ಯಾರಾದ್ರೂ ಮುಟ್ಟಿದ್ರಾ? ಅಕ್ಷರ ದಪ್ಪವಾಗಿದೆ,” ಎಂದಳು ಸುಷ್ಮಿತಾ.

“ನಾನೇ,” ಎಂದ ವಾಗೀಶ. “ನಿನ್ನೆ ಸಂಜೆ ಅಣ್ಣ ಮನೇಲಿಲ್ಲದಾಗ ಅತ್ತಿಗೆ ಕಣ್ಣು ಕಿರಿದು ಮಾಡಿ ನೋಡ್ತಿದ್ರು. ಅದಕ್ಕೆ ಎಲ್ಲಾನೂ ಒಂದೂವರೆಯಷ್ಟು ದೊಡ್ಡದು ಮಾಡಿ, ಮುಚ್ಚಿ ತೆಗೆದೆ. ಅಷ್ಟಕ್ಕೇ ಕೆಟ್ಟುಹೋಗತ್ತಾ?”

ಅಷ್ಟಕ್ಕೇ ಕೆಟ್ಟಿತ್ತು. ಅವಳಿಗೆ ಕಾಗದ ಬೇಕಾಗಲಿಲ್ಲ. ಬಟನ್ನಿನ ಅಗಲ ಮೊದಲು ಪರದೆಯ ನೂರಿಪ್ಪತ್ತು ಚುಕ್ಕೆ, ಎತ್ತರ ನೂರು. ಈಗ ನೂರೆಂಬತ್ತು, ನೂರೈವತ್ತು. ಆದರೆ ಬೆರಳು ಯಾವುದರ ಮೇಲೆ ಬಿತ್ತೆಂದು ಎಣಿಸುವ ಪ್ರೋಗ್ರಾಮಿನ ಲೆಕ್ಕ ಇನ್ನೂ ಹಳೆಯ ನೂರಿಪ್ಪತ್ತರಿಂದಲೇ ಭಾಗಿಸುತ್ತಿತ್ತು. ಎರಡನೆಯ ಬಟನ್ನಿನ ನಟ್ಟನಡುವೆ, ಇನ್ನೂರ ಎಪ್ಪತ್ತನೆಯ ಚುಕ್ಕೆಯಲ್ಲಿ, ಒತ್ತಿದರೆ ಭಾಗಲಬ್ಧ ಎರಡು ದಾಟಿ ಮೂರನೆಯದು ಕೂಗುತ್ತದೆ. ನೀರು ಹೋಗಿ ಫ್ಯಾನ್. ಆರನೆಯ ಸಾಲನ್ನು ಒತ್ತಿದರೆ ಲೆಕ್ಕ ಒಂಬತ್ತನೆಯ ಸಾಲಿಗೆ ಹೋಗುತ್ತದೆ. ಆರೇ ಸಾಲಿರುವಲ್ಲಿ ಒಂಬತ್ತನೆಯದು ಇಲ್ಲ. ಆದ್ದರಿಂದ ಮೌನ.

ಆ ಭಾಗಾಕಾರವನ್ನು ಬರೆದವಳು ಅವಳೇ.

*

ಶಾರದ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಬಿಂದುಮಾಧವರು ಮೂರು ತಿಂಗಳು ಆ ಪ್ರೋಗ್ರಾಂ ಬರೆದರು. ಚಿತ್ರಗಳನ್ನು ಒಂದೊಂದಾಗಿ ತಾವೇ ಬಿಡಿಸಿದರು. ದನಿಯ ಪ್ರಶ್ನೆ ಬಂದಾಗ, “ನನ್ನ ಗಂಡುದನಿ ಅವಳ ಬಾಯಿಗೆ ಹೊಂದೋದಿಲ್ಲ. ನೀನು ಹೇಳಮ್ಮ,” ಎಂದರು. ಗಿರಣಿ ನಿಂತ ಒಂದು ಭಾನುವಾರ ಸುಷ್ಮಿತಾ ಇಪ್ಪತ್ತನಾಲ್ಕು ಪದಗಳನ್ನು ಹೇಳಿದಳು.

ಒತ್ತಿದ ಬಟನ್ನಿನ ಸುತ್ತ ಹಳದಿ ಚೌಕಟ್ಟು ಮೂಡಬೇಕಿತ್ತು. ಪ್ರತಿ ಬಟನ್ನೂ ತನ್ನ ಚೌಕಟ್ಟನ್ನು ತಾನೇ ಬರೆದುಕೊಳ್ಳಲಿ ಎಂದರು ಅವರು. ಅದಕ್ಕೆ ಎರಡು ದಿನ ಹಿಡಿಯುತ್ತದೆಂದು ಅವಳು ಎಲ್ಲ ಬಟನ್ನುಗಳ ಮೇಲೆ ಗಾಜಿನಂಥ ಒಂದೇ ಹಾಳೆ ಹೊದಿಸಿ, ಒತ್ತಿದ್ದನ್ನು ಆ ಹಾಳೆಯೇ ಕೇಳಿಸಿಕೊಂಡು, ಎಣಿಸಿ, ಚೌಕಟ್ಟು ಹಾಕುವಂತೆ ಎರಡು ತಾಸಿನಲ್ಲಿ ಮುಗಿಸಿದಳು.

“ಅಗಲ ಎಷ್ಟು ಅಂತ ಬಟನ್ನನ್ನೇ ಕೇಳಬೇಕು ಕಣಮ್ಮ. ನೂರಿಪ್ಪತ್ತು ಅಂತ ನೀನೇ ಇಟ್ಟುಕೊಂಡ್ರೆ, ಅದು ಬೆಳೆದ ದಿನ?”

“ಕೆಲಸ ಮಾಡ್ತಿದೆಯಲ್ಲ ಸರ್.”

ಅಷ್ಟು ಹೊತ್ತಿಗೆ ಶಾರದ ಆಗಲೇ ಕಾಫಿ ಒತ್ತಿ, ಬಿಸಿ ಒತ್ತಿ, ಅಡಿಗೆಯವಳನ್ನು ಓಡಾಡಿಸತೊಡಗಿದ್ದಳು. ಅವರು ಮತ್ತೆ ಆ ಮಾತೆತ್ತಲಿಲ್ಲ.

ಅವರಿಗೆ ಆ ಪರದೆ ಬೇಕಿರಲಿಲ್ಲ. “ಇದು ನಿಮಗೆಲ್ಲ. ನಾನು ಹೊರಗೆ ಹೋದಾಗ,” ಎನ್ನುತ್ತಿದ್ದರು. ಅವರು ಮನೆಯಲ್ಲಿದ್ದರೆ ಯಂತ್ರ ಮುಚ್ಚಿಯೇ ಇರುತ್ತಿತ್ತು. ಎದುರು ಕೂತು ಹೆಂಡತಿಯ ಮುಖ ನೋಡುವರು. ಎದ್ದು ಹೋಗಿ ಶಾಲು ತರುವರು, ಕಿಟಕಿ ಹಾಕುವರು. ತಪ್ಪಾದರೆ ಮತ್ತೆ ಕೂತು ನೋಡುವರು.

*

ಸುಷ್ಮಿತಾ ಪರದೆಯ ಅಳತೆಯನ್ನು ಮೊದಲಿನಂತೆ ಮಾಡಿ ಪ್ರೋಗ್ರಾಮನ್ನು ಮುಚ್ಚಿ ತೆರೆದಳು. ನೀರು ಮುಟ್ಟಿದರೆ ನೀರೆಂದಿತು.

“ಅಮ್ಮ,” ಎಂದು ಶಾರದಳ ಮುಖ ನೋಡಿ ಕೇಳಿದಳು, “ಸರ್ ಕಣ್ಣು ದಾನಕ್ಕೆ ಕೊಡಬೇಕಾ, ಬೇಡವಾ?”

ಬೆರಳು ತಡೆಯಲಿಲ್ಲ. ಸುಷ್ಮಿತಾಳ ಆರು ವರ್ಷ ಹಳೆಯ ದನಿ ಕೋಣೆಯಲ್ಲಿ ಸ್ಪಷ್ಟವಾಗಿ ಹೇಳಿತು: “ಬೇಡ.”

ಕಮಲ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ವಾಗೀಶ ತಲೆ ಕೊಡವಿದ.

“ಬೆಳಿಗ್ಗೆಯಿಂದ ಸುಳ್ಳು ಹೇಳಿದ್ದು ಈಗ ನಿಜ ಹೇಳ್ತಿದೆ ಅಂತ ಹೇಗೆ ನಂಬೋದು? ಪಕ್ಕದ್ದು ಕೂಗ್ತಿತ್ತಲ್ಲ. ಬೇಕು ಪಕ್ಕದ್ದೇ ಬೇಡ ತಾನೆ?”

ಪ್ರಶ್ನೆ ನ್ಯಾಯವಾದದ್ದು. ಸುಷ್ಮಿತಾ ಗಡಿಯಾರ ನೋಡಿದಳು: ಹತ್ತು ಹನ್ನೆರಡು. ಪ್ರೋಗ್ರಾಮಿನ ಮೂಲ ಬರಹ ಅದೇ ಯಂತ್ರದಲ್ಲಿತ್ತು. ತೆರೆದು, ತಾನು ಹೊದಿಸಿದ್ದ ಹಾಳೆಯನ್ನು ಪೂರ್ತಿ ಕಿತ್ತುಹಾಕಿದಳು. ನೂರಿಪ್ಪತ್ತು ಹೋಯಿತು, ಭಾಗಾಕಾರ ಹೋಯಿತು. ಪ್ರತಿ ಬಟನ್ನೂ ತನ್ನ ಮೇಲೆ ಬಿದ್ದ ಬೆರಳನ್ನು ತಾನೇ ಅರಿಯುವಂತೆ, ತನ್ನ ಚೌಕಟ್ಟನ್ನು ತಾನೇ ಬರೆದುಕೊಳ್ಳುವಂತೆ ಮಾಡಿದಳು. ಎರಡು ದಿನದ ಕೆಲಸವೆಂದು ಅಂದು ಹೆದರಿದ್ದು ಇಪ್ಪತ್ತಮೂರು ನಿಮಿಷದಲ್ಲಿ ಮುಗಿಯಿತು. ಇಪ್ಪತ್ತನಾಲ್ಕನ್ನೂ ಒಂದೊಂದಾಗಿ ಒತ್ತಿ ಕೇಳಿದಳು. ಹೊರಗೆ ಬಿದಿರು ಕಟ್ಟುತ್ತಿದ್ದವರು ಮನೆಯೊಳಗಿಂದ ಬಿಸಿ, ತಣ್ಣಗೆ, ತಲೆನೋವು, ಸೊಳ್ಳೆ ಎಂಬ ಕೂಗು ಕೇಳಿ ತಿರುಗಿ ನೋಡಿದರು.

ಮತ್ತೆ ಕೇಳಿದಳು. ಬೇಡ.

ಕೂಡಿದ್ದನ್ನು ಕಳೆದು ತಾಳೆ ನೋಡುವಂತೆ ಪ್ರಶ್ನೆಯನ್ನು ತಿರುಗಿಸಿದಳು. “ಸರ್ ಕಣ್ಣು ಅವರ ಜೊತೆಗೇ ಹೋಗಬೇಕಾ?”

“ಬೇಕು.”

ವಾಗೀಶ ಅವಳನ್ನು ಅಡಿಗೆಮನೆಯ ಬಾಗಿಲಿಗೆ ಕರೆದ. ದನಿ ಇಳಿಸಿದ. “ನೋಡಿ, ನನ್ನಣ್ಣ ಇಡೀ ಜೀವಮಾನದಲ್ಲಿ ತನಗೆ ಅಂತ ಕೇಳಿದ್ದು ಇದೊಂದೇ. ಪ್ರೋಗ್ರಾಂ ಇನ್ನೂ ಕೆಟ್ಟಿದೆ ಅಂತ ಹೇಳಿಬಿಡಿ. ಒಂದು ಮಾತು. ನಾನು ಸಹಿ ಹಾಕ್ತೀನಿ. ನಿಮಗೆ ಗೊತ್ತಿಲ್ಲವಾ ಅವನ ಇಚ್ಛೆ?”

ಗೊತ್ತಿತ್ತು. ನೇತ್ರದಾನದ ಶಿಬಿರದಲ್ಲಿ ಅವರು ಸಹಿ ಹಾಕುವಾಗ ಪಕ್ಕದಲ್ಲಿ ನಿಂತವಳು ಅವಳೇ. “ಇಷ್ಟು ವರ್ಷ ಪರದೆ ನೋಡಿ ಸವೆದ ಮಾಲು. ಹಾಕಿಸಿಕೊಂಡವರ ಹಣೆಬರಹ,” ಎಂದು ನಕ್ಕಿದ್ದರು. ಕಣ್ಣು ಎರಡು, ಎರಡರಿಂದ ಇಬ್ಬರು ನೋಡುವರು. ಒಂದು ಕಡೆ ಅವರ ಕೈಬರಹ ಮತ್ತು ಆ ಇಬ್ಬರು. ಇನ್ನೊಂದು ಕಡೆ ಒಂದು ಬೆರಳು. ಅವಳು ಏನು ಹೇಳಿದರೂ ಪರೀಕ್ಷಿಸಬಲ್ಲವರು ಆ ಮನೆಯಲ್ಲಿ ಇರಲಿಲ್ಲ. ಇದ್ದ ಒಬ್ಬರು ನಡುಮನೆಯಲ್ಲಿ ಮಲಗಿದ್ದರು.

ಅವಳು ಕೋಣೆಯತ್ತ ನೋಡಿದಳು. ಶಾರದ ಪರದೆಯನ್ನು ನೋಡುತ್ತಿರಲಿಲ್ಲ. ಇವಳನ್ನೇ ನೋಡುತ್ತಿದ್ದಳು, ಮತ್ತು ತಲೆ ಎಂದಿನಂತೆ ಹೌದು ಹೌದೆಂದು ಆಡುತ್ತಿತ್ತು.

“ಪ್ರೋಗ್ರಾಂ ಸರಿ ಇದೆ,” ಎಂದಳು ಸುಷ್ಮಿತಾ.

“ಯೋಚನೆ ಮಾಡಿ ಹೇಳಿ.”

“ಸರಿ ಇದೆ. ಅಮ್ಮ ಬೇಡ ಅಂದಿದ್ದಾರೆ.”

ವಾಗೀಶ ಬೆನ್ನು ತಿರುಗಿಸಿ ನಡುಮನೆಗೆ ಹೋದ.

ಸುಂದರೇಶನಿಗೆ ಅವಳೇ ಹೋಗಿ ಹೇಳಿದಳು. ಹತ್ತು ಐವತ್ತೆರಡಾಗಿತ್ತು, ಇನ್ನೂ ಹದಿನೆಂಟು ನಿಮಿಷವಿತ್ತು. ಅವನು ಬೇಸರ ತೋರಿಸದೆ ಎದ್ದು ಪೆಟ್ಟಿಗೆಯ ಪಟ್ಟಿ ಭುಜಕ್ಕೆ ಹಾಕಿಕೊಂಡ.

“ಕಣ್ಣಿಗೆ ಕಾಯ್ತಿರೋ ಒಬ್ರಿಗೆ ಬೆಳಿಗ್ಗೆ ಏನೂ ತಿನ್ಬೇಡಿ ಅಂದ್ಬುಟ್ಟಿದ್ದೆ. ಓಗಿ ತಿಂಡಿ ತಿನ್ನಿ ಅಂತ ಫೋನ್ ಮಾಡ್ತೀನಿ ಬುಡಿ ಮೇಡಂ.” ದೇಹವಿದ್ದ ಕಡೆಗೆ ಕೈಮುಗಿದು ಗೇಟು ದಾಟಿದ. ಸುಷ್ಮಿತಾ ಅವನ ಬೈಕು ದಟ್ಟಗಳ್ಳಿಯ ದೊಡ್ಡ ರಸ್ತೆಗೆ ತಿರುಗುವವರೆಗೆ ನಿಂತಿದ್ದು, ಅಲ್ಲಿಯೇ ಕಾಂಪೌಂಡಿನ ಗೋಡೆ ಹಿಡಿದು ಅತ್ತಳು.

ದೇಹಕ್ಕೆ ನೀರು ಹಾಕಿ, ಅಂಗಳಕ್ಕೆ ತಂದು ಚಟ್ಟದ ಮೇಲೆ ಮಲಗಿಸುವಾಗ ಹನ್ನೊಂದೂವರೆ. ಪುರೋಹಿತರು ಹೊತ್ತು ಮೀರುತ್ತಿದೆ ಎಂದರು. ಒಳಗಿನಿಂದ “ಹೊರಗೆ” ಎಂಬ ಯಂತ್ರದ ದನಿ ಕೇಳಿತು, ಮತ್ತೊಮ್ಮೆ, “ಹೊರಗೆ”. ಕಮಲ ಗಾಲಿಕುರ್ಚಿಯನ್ನು ಮೆಟ್ಟಿಲಿಳಿಸಿ ತಂದಳು.

ಅತ್ತಿಗೆ ಅಣ್ಣನ ಬಾಯಿಗೆ ಅಕ್ಕಿಕಾಳು ಹಾಕಲು ಬಂದಿದ್ದಾರೆಂದು ವಾಗೀಶ ತಟ್ಟೆ ಹಿಡಿದ. ಶಾರದ ತಟ್ಟೆಯನ್ನು ನೋಡಲಿಲ್ಲ. ಎದುರುಮನೆಯ ನೀರಿನ ಟ್ಯಾಂಕನ್ನು ದಾಟಿ ಬಂದ ಬಿಸಿಲು ನೆಟ್ಟಗೆ ಗಂಡನ ಮುಖದ ಮೇಲೆ ಬಿದ್ದಿತ್ತು. ಆಕೆ ಕುರ್ಚಿಯಿಂದ ಮುಂದಕ್ಕೆ ಬಾಗಿ ಎಡಗೈ ಚಾಚಿದಳು. ಮುಟ್ಟಲಿಲ್ಲ. ಒಂದು ಗೇಣು ಮೇಲೆ ಅಂಗೈಯನ್ನು ಅಡ್ಡ ಹಿಡಿದು, ನೆರಳು ಎರಡು ರೆಪ್ಪೆಗಳ ಮೇಲೂ ಬೀಳುವಂತೆ ಸರಿಪಡಿಸಿಕೊಂಡಳು. ಕೈ ಸೋತರೂ ಇಳಿಸಲಿಲ್ಲ. ಚಟ್ಟಕ್ಕೆ ಕೈಹಚ್ಚಿದ್ದ ನಾಲ್ವರು ಕೈ ತೆಗೆದು, ದೂರ ಸರಿದು ನಿಂತರು.