ಭಂಡಾರದ ಚುಕ್ಕೆ

೧೯೫೫ರ ಜೂನ್ ೬, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಸೋಲಾಪುರದಲ್ಲಿ ಅಣ್ಣಾರಾಯರ ಕಾರ್ಖಾನೆಯ ಅಂಗಳದಲ್ಲಿ ಭಗವಂತ ತಾನು ಹೊಸದಾಗಿ ರೂಪಿಸಿದ ಬಸ್ ಸೀಟಿನ ಮೇಲೆ ನೂರಾ ನಲವತ್ತು ಪೌಂಡ್ ತೂಗುವ ಜೋಳದ ಚೀಲವನ್ನು ಇಡಿಸಿದ. ಉಕ್ಕಿನ ಅಳತೆಪಟ್ಟಿಯನ್ನು ಪಕ್ಕಕ್ಕೆ ಹಿಡಿದು ಬಗ್ಗಿ ನೋಡಿದ. ಸೀಟು ಒಂದೂಮುಕ್ಕಾಲು ಇಂಚು ಕುಸಿದಿತ್ತು. ಅವನು ಲೆಕ್ಕ ಹಾಕಿದ್ದೂ ಅಷ್ಟೇ.

“ಜ್ವಾಳದ ಚೀಲ ಭಾಳ ಶಾಣ್ಯಾ ಅದರಿ ಸಾಯೇಬ್ರ,” ಎಂದ ಸೀಟು ಕಟ್ಟುವ ಧೂಳಪ್ಪ, ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ಸೆಣಬಿನ ಸುತಳಿಯನ್ನು ತೆಗೆದು. “ಇಟ್ಟಲ್ಲೇ ಕುಂಡ್ರತದ. ಟಿಕೀಟ ಕೊಟ್ಟು ಅಕ್ಕಲಕೋಟಕ್ಕ ಕಳಸೋಣೇನು?”

ಕೆಲಸಗಾರರೆಲ್ಲ ನಕ್ಕರು. ಭಗವಂತನೂ ನಕ್ಕ.

“ಮನಿಶಾರೂ ಹಿಂಗ ಕುಂಡ್ರತಾರ, ಕಾಕಾ.”

“ನಮ್ಮ ಮಂದಿ ಕುಂಡಿ ಮ್ಯಾಲ ಕುಂಡ್ರೂದು ಕಮ್ಮಿರಿ. ಹಿಮ್ಮಡದ ಮ್ಯಾಲ ಕುಂಡ್ರತಾರ.”

ಈ ಸಲ ನಗು ಇನ್ನೂ ಜೋರಾಯಿತು. ಹಾಗಾಗಿ ಆ ಮಾತು ಚೇಷ್ಟೆಯ ಮಾತಾಗಿಯೇ ಉಳಿಯಿತು. ಭಗವಂತ ಲೆಕ್ಕದ ವಹಿಯಲ್ಲಿ ಒಂದೂಮುಕ್ಕಾಲು ಎಂದು ಬರೆದುಕೊಂಡ. ಹಿಮ್ಮಡದ ಮಾತನ್ನು ಬರೆದುಕೊಳ್ಳಲಿಲ್ಲ.

ಅವನು ಗಿರಣಿ ಕೆಲಸಗಾರನ ಮಗ, ಪುಣೆಯಲ್ಲಿ ಬಿ.ಎಸ್ಸಿ. ಮುಗಿಸಿ ಬಂದವನು. ಮನೆತನದಲ್ಲಿ ಕುರ್ಚಿಯ ಮೇಲೆ ಕುಳಿತು ಸಂಬಳ ಪಡೆದ ಮೊದಲಿಗ. ಕಾರ್ಖಾನೆಗೆ ಸೇರಿದ ದಿನದಿಂದಲೂ ಅವನ ಕಣ್ಣು ಧೂಳಪ್ಪನ ಕೈಯ ಮೇಲೆಯೇ ಇತ್ತು. ಹಳೆಯ ಸೀಟಿನಲ್ಲಿ ಹನ್ನೆರಡು ಸ್ಪ್ರಿಂಗು. ಪ್ರತಿಯೊಂದರ ತಲೆಗೂ ಸುತಳಿ ಸುತ್ತಿ, ಎಂಟು ದಿಕ್ಕಿಗೆ ಎಳೆದು, ಪಕ್ಕದ ಸ್ಪ್ರಿಂಗಿಗೂ ಮರದ ಚೌಕಟ್ಟಿಗೂ ಕಟ್ಟಬೇಕು. ಒಂದು ಸೀಟಿಗೆ ಮೂರು ತಾಸು. ಧೂಳಪ್ಪ ಕಂದಲಗಾಂವದ ಕುರಿ ಸಾಕುವ ಮನೆಯವನು. ಹಟ್ಟಿಯ ಸುತ್ತ ಕಟ್ಟುವ ಬಲೆ ಹೆಣೆಯುತ್ತ ಗಂಟು ಕಲಿತವನು. ಪೇಟೆಯಲ್ಲಿ ಅವನನ್ನು ‘ಗಟ್ಟಿ ಗಂಟಿನ ಧೂಳಪ್ಪ’ ಎಂದೇ ಕರೆಯುತ್ತಿದ್ದರು. “ಒಂದಕ್ಕ ಭಾರ ಬಿದ್ರ ಎಲ್ಲಾವೂ ಓಗೊಡಬೇಕ್ರಿ,” ಎನ್ನುತ್ತಿದ್ದ.

ಭಗವಂತನ ಹೊಸ ಸೀಟಿನಲ್ಲಿ ಸ್ಪ್ರಿಂಗು ಒಂಬತ್ತೇ. ನಡುವಿನವುಗಳ ತಲೆಯನ್ನು ತಂತಿಗೆ ಕ್ಲಿಪ್ಪು ಹಾಕಿ ಹಿಡಿಸಿದರೆ ಆಯಿತು. ಸುತಳಿ ಅಂಚಿಗೆ ಮಾತ್ರ. ಮೂರು ತಾಸಿನ ಕೆಲಸ ನಲವತ್ತು ನಿಮಿಷಕ್ಕೆ ಇಳಿಯಿತು. ಅಣ್ಣಾರಾಯರು ಅವನ ಬೆನ್ನು ತಟ್ಟಿದರು. ಧೂಳಪ್ಪನ ಪಾಲಿಗೆ ಉಳಿದದ್ದು ಅಂಚಿನ ಇಪ್ಪತ್ತನಾಲ್ಕು ಗಂಟುಗಳು. ಅವನ್ನೂ ಅವನು ಹಳೆಯ ನೇಮದಂತೆಯೇ ಕಟ್ಟಿದ. ಚೌಕಟ್ಟಿನ ಮೇಲೆ ಗಂಟನ್ನು ಬಿಗಿದ ಕೂಡಲೇ ಸೊಂಟದ ಚೀಲದೊಳಗೆ ಹೆಬ್ಬೆರಳನ್ನು ಅದ್ದಿ, ಬೀರೋಬಾ ದೇವರ ಭಂಡಾರದ ಪುಡಿಯನ್ನು ಅದರ ಮೇಲೆ ಒತ್ತುತ್ತಿದ್ದ. ಗಂಟೂ ಅದರ ಅಡಿಯ ಮರವೂ ಅರಿಸಿನದ ಹಳದಿಯಾಗುತ್ತಿದ್ದವು.

“ಬಟ್ಟಿಗೆ ಕಲಿ ಆಗ್ತದ, ಕಾಕಾ,” ಎಂದು ಭಗವಂತ ಒಮ್ಮೆ ಆಕ್ಷೇಪಿಸಿದ್ದ.

“ಒಳಗಿಂದರಿ ಅದು. ಬಿಚ್ಚಿ ಯಾರ್ ನೋಡ್ತಾರ?”

ದೀಪಾವಳಿ ಕಳೆದು ಎಂಟು ದಿನಕ್ಕೆ ಹರಿದ ಸೀಟೊಂದು ಕಾರ್ಖಾನೆಗೆ ಮರಳಿ ಬಂತು. ಜತೆಗೆ ಬಸ್ಸಿನವರ ಒಂದು ಪತ್ರ. ಅಕ್ಕಲಕೋಟದ ದಾರಿಯಲ್ಲಿ ಓಡುವ ಬಸ್ಸಿನಲ್ಲಿ ಸ್ಪ್ರಿಂಗಿನ ತುದಿ ಬಟ್ಟೆ ಹರಿದು ಮೇಲೆ ಬಂದು, ಹೆಂಗಸೊಬ್ಬಳ ಅಂಗಾಲಿಗೆ ಚುಚ್ಚಿತ್ತು. ಆರು ಹೊಲಿಗೆ ಬಿದ್ದಿದ್ದವು. ಕುಳಿತವಳ ಅಂಗಾಲಿಗೆ ಸೀಟು ಹೇಗೆ ಚುಚ್ಚೀತು ಎಂದು ಆ ದಿನ ಯಾರೂ ಕೇಳಲಿಲ್ಲ. ಕೇಳಬೇಕಾಗಿದ್ದವನು ಭಗವಂತ.

“ಭಗವಂತರಾವ್, ಹಿಂಗ್ಯಾಕಾತು?” ಅಣ್ಣಾರಾಯರು ಎಲ್ಲರೆದುರಿಗೇ ಕೇಳಿದರು.

ಸೀಟು ಅವನೆದುರಿಗೆ ಮೇಜಿನ ಮೇಲಿತ್ತು. ಅಳತೆಪಟ್ಟಿ ಅಂಗಿಯ ಕಿಸೆಯಲ್ಲಿತ್ತು. ಬೆನ್ನು ತಟ್ಟಿದ ಕೈ ಈಗ ಮೇಜನ್ನು ಬಡಿಯುತ್ತಿತ್ತು. ಭಗವಂತನ ಬಾಯಿಂದ ಮಾತು ತಾನಾಗಿ ಹೊರಬಿತ್ತು:

“ಅಂಚಿನ ಗಂಟು ಸಡಲಿರಬೇಕ್ರಿ.”

ಧೂಳಪ್ಪ ತಲೆ ಎತ್ತಿದ. “ಬಿಚ್ಚಿ ನೋಡೀರೇನ್ರಿ?”

ಉತ್ತರ ಅಣ್ಣಾರಾಯರಿಂದ ಬಂತು. “ಅವರು ಬಿಯೆಸ್ಸಿ ಓದ್ಯಾರ. ಅವರಿಗೆ ತಿರುಗಿ ಕೇಳ್ತೀಯೇನೋ ನೀನು?”

ಧೂಳಪ್ಪ ಬಾಗಿದ ಸೂಜಿಯನ್ನು ರುಮಾಲಿನ ಮಡಿಕೆಗೆ ಸಿಕ್ಕಿಸಿಕೊಂಡು ಅಂಗಳ ದಾಟಿ ಹೋದ. ಸಂಜೆಯೊಳಗೆ ತಿರುಗಿ ಬರುತ್ತಾನೆ ಎಂದುಕೊಂಡರು. ಬರಲಿಲ್ಲ. ಹರಿದ ಸೀಟನ್ನು ಹಿಂದಿನ ತಗಡಿನ ಚಪ್ಪರಕ್ಕೆ ಒಯ್ದು ಎಸೆದರು. ಎಲ್ಲವನ್ನೂ ಅಳೆಯುವ ಭಗವಂತ ಅದರ ಹತ್ತಿರ ಸುಳಿಯಲಿಲ್ಲ.

ನಾಲ್ಕು ತಿಂಗಳು ಕಳೆದವು. ಮಾರ್ಚಿನ ಒಂದು ದಿನ ಚಹಾದಂಗಡಿಯಲ್ಲಿ ಅವನು ಧೂಳಪ್ಪನ ಸುದ್ದಿ ವಿಚಾರಿಸಿದ.

“ಯಾರು, ಸಡ್ಲ ಧೂಳಪ್ಪನೇನ್ರಿ?” ಎಂದ ಅಂಗಡಿಯವನು, ಕಪ್ಪು ಬಸಿ ತೊಳೆಯುತ್ತ. “ಇಲ್ಲಿ ಯಾರ್ ಇಟಗೋತಾರ ಅವನ್ನ? ಅಕ್ಕಲಕೋಟದಾಗ ಟಾಂಗಾದ ಗಾದಿ ಹೊಲೀತಾನಂತ.”

ಸಡ್ಲ ಧೂಳಪ್ಪ. ಕಾರ್ಖಾನೆಯಲ್ಲಿ ತಾನಾಡಿದ ಒಂದು ಮಾತು ಪೇಟೆಯನ್ನೆಲ್ಲ ಸುತ್ತಿ, ಒಬ್ಬನ ಹೆಸರಿಗೆ ಅಂಟಿಕೊಂಡಿತ್ತು. ಭಗವಂತ ಚಹಾವನ್ನು ಅಲ್ಲೇ ಬಿಟ್ಟು ಎದ್ದ.

ಮುಂದಿನ ಭಾನುವಾರ ಅವನು ಅಕ್ಕಲಕೋಟದ ಬಸ್ಸು ಹತ್ತಿದ. ಸೀಟುಗಳು ಅವನವೇ. ಪಕ್ಕದಲ್ಲಿ ಬದನೆಕಾಯಿ ಬುಟ್ಟಿಯ ಮುದುಕಿಯೊಬ್ಬಳು ಬಂದು ಕುಳಿತಳು. ಬುಟ್ಟಿಯನ್ನು ಕೆಳಗಿಟ್ಟು, ಚಪ್ಪಲಿ ಕಳಚಿ, ಎರಡೂ ಕಾಲನ್ನು ಸೀಟಿನ ಮೇಲೆಳೆದುಕೊಂಡು, ಮುಂದಿನ ಸರಳನ್ನು ಹಿಡಿದು ಕುಕ್ಕರುಗಾಲಲ್ಲಿ ಕುಳಿತಳು.

“ಆಯೀ, ಕಾಲ ಕೆಳಗ ಬಿಡ್ರಿ. ಆರಾಮ ಆಗ್ತದ.”

“ಜೋಮ ಹಿಡೀತದೋ ತಮ್ಮಾ. ಕಾಲ ಜೋತಬಿಟ್ಟು ಕುಂಡ್ರಾಕ ನಾ ಏನ್ ಕಲೆಕ್ಟರೇನು?”

ಬಸ್ಸು ತಗ್ಗಿಗಿಳಿದು ಎದ್ದಿತು. ಮುದುಕಿಯ ಮೈ ಮೇಲೆ ಹಾರಿ ಎರಡು ಹಿಮ್ಮಡಗಳ ಮೇಲೆ ಬಿತ್ತು. ಅವುಗಳ ಕೆಳಗೆ ತನ್ನ ಸ್ಪ್ರಿಂಗು ಓರೆಯಾಗಿ ಕಿರುಗುಟ್ಟಿದ್ದನ್ನು ಭಗವಂತ ಕಿವಿಯಾರೆ ಕೇಳಿದ. ಎದ್ದು ನಿಂತು ನೋಡಿದ. ಬಸ್ಸಿನಲ್ಲಿದ್ದವರು ಮೂವತ್ತೆರಡು ಮಂದಿ. ಅವರಲ್ಲಿ ಹತ್ತೊಂಬತ್ತು ಮಂದಿಯ ಕಾಲು ಸೀಟಿನ ಮೇಲಿತ್ತು. ಅವನ ತಾಯಿ ಮನೆಯಲ್ಲಿದ್ದ ಒಂದೇ ಕುರ್ಚಿಯ ಮೇಲೆ ಕುಳಿತರೂ ಹೀಗೆಯೇ ಕುಳಿತುಕೊಳ್ಳುತ್ತಿದ್ದಳು. ಅವನು ಅದನ್ನು ಹುಟ್ಟಿದಾಗಿನಿಂದ ನೋಡಿದ್ದ. ಲೆಕ್ಕ ಹಾಕುವಾಗ ಮಾತ್ರ ಜೋಳದ ಚೀಲವನ್ನು ನಂಬಿದ್ದ.

ಅಕ್ಕಲಕೋಟದ ಟಾಂಗಾ ನಿಲ್ಲುವಲ್ಲಿ, ಬೇವಿನ ನೆರಳಿನಲ್ಲಿ, ಧೂಳಪ್ಪ ಒಂದು ಗಾದಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊಲಿಯುತ್ತಿದ್ದ. ಹೆಂಡತಿ ಜನಾಬಾಯಿ ಪಕ್ಕದಲ್ಲಿ ತೆಂಗಿನ ನಾರನ್ನು ಬಿಡಿಸುತ್ತಿದ್ದಳು.

“ಬರ್ರಿ ಸಾಯೇಬ್ರ,” ಎಂದಳು ಅವಳು. “ನೆಲದ ಮ್ಯಾಲ ಕುಂಡ್ರಾಕ ಬರ್ತದೋ, ಅದನ್ನೂ ಕಾಲೇಜಿನಾಗ ಮರತು ಬಂದೀರೋ?”

ಭಗವಂತ ನೆಲದ ಮೇಲೆ ಕುಳಿತ. “ತಪ್ಪು ನಂದು, ಕಾಕಾ. ಗಂಟಿಂದಲ್ಲ.”

ಧೂಳಪ್ಪನ ಸೂಜಿ ನಿಲ್ಲಲಿಲ್ಲ. “ಅದು ನನಗ ಗೊತ್ತಿದ್ದದ್ದೇ ಅದರಿ.”

“ನಾ ಅಂದದ್ದು ಸುಳ್ಳು. ಅದನ್ನ ಹೇಳಾಕ ಬಂದೀನಿ.”

“ಇಲ್ಲಿ ಹೇಳಿದ್ರ ಏನ್ ಬಂತು? ಇಲ್ಲಿ ಕೇಳಾಕ ನಾ ಒಬ್ಬವ, ಇಕಿ ಒಬ್ಬಾಕಿ, ಆ ಕುದರಿ ಒಂದು. ಎಲ್ಲಿ ಅಂದೀರಿ, ಅಲ್ಲೇ ಹೇಳ್ರಿ.”

“ಹೇಳ್ತೀನಿ. ನೀವು ತಿರುಗಿ ಬರ್ರಿ, ಕಾಕಾ. ಎಂಟು ದಿಕ್ಕಿನ ಕಟ್ಟು ಮತ್ತ ಸುರು ಮಾಡೋಣು.”

ಧೂಳಪ್ಪ ದಾರವನ್ನು ಹಲ್ಲಿನಿಂದ ಕತ್ತರಿಸಿದ. “ಬ್ಯಾಡ್ರಿ. ಇಲ್ಲಿಯವರು ನನಗ ಬರೇ ಧೂಳಪ್ಪ ಅಂತಾರ. ಹಿಂದ ಮುಂದ ಏನೂ ಹಚ್ಚೂದಿಲ್ಲ. ನನಗ ಅಷ್ಟ ಸಾಕು.”

ಜನಾಬಾಯಿ ಚಹಾ ತರಿಸಿದಳು. ಈ ಸಲ ಭಗವಂತ ಅದನ್ನು ಕುಡಿದ. ಮತ್ತೆ ಕೇಳುವ ಧೈರ್ಯ ಅವನಿಗಾಗಲಿಲ್ಲ.

ಮರುದಿನ, ಸೋಮವಾರ, ಹತ್ತು ಗಂಟೆಗೆ ಅವನು ಎಲ್ಲರನ್ನೂ ಅಂಗಳಕ್ಕೆ ಕರೆದ. ತಗಡಿನ ಚಪ್ಪರದಿಂದ ಹರಿದ ಸೀಟನ್ನು ತಾನೇ ಹೊತ್ತು ತಂದು, ಅದೇ ಮೇಜಿನ ಮೇಲಿಟ್ಟು, ಬಟ್ಟೆ ಸುಲಿದು ನಾರನ್ನು ತೆಗೆದ. ನಡುವಿನ ಸ್ಪ್ರಿಂಗು ಕ್ಲಿಪ್ಪು ಕಳಚಿಕೊಂಡು ಕುತ್ತಿಗೆ ಮುರಿದಂತೆ ವಾಲಿತ್ತು. ಅದರ ತುದಿಯಲ್ಲಿ ಕಂದು ಕಲೆಯಿತ್ತು.

“ಇದು ನನ್ನ ಕೆಲಸ,” ಎಂದ. “ಈಗ ಧೂಳಪ್ಪಕಾಕಾನ ಕೆಲಸ ನೋಡ್ರಿ.”

ಅಂಚಿನುದ್ದಕ್ಕೂ ಇಪ್ಪತ್ತನಾಲ್ಕು ಗಂಟು. ಪ್ರತಿ ಗಂಟಿನ ಅಡಿಯಲ್ಲೂ ಮರದ ಮೇಲೆ ಭಂಡಾರದ ಹಳದಿ ಚುಕ್ಕೆ. ಗಂಟು ಜಾರಿದ್ದರೆ ಚುಕ್ಕೆ ಹಿಂದೆ ಉಳಿದು ಕಾಣಬೇಕು. ಅವನು ಒಂದೊಂದಕ್ಕೂ ಅಳತೆಪಟ್ಟಿ ಹಿಡಿದು ಗಟ್ಟಿಯಾಗಿ ಓದಿ ಹೇಳಿದ.

“ಇರಲಿ ಬಿಡ್ರಿ ಭಗವಂತರಾವ್,” ಎಂದರು ಅಣ್ಣಾರಾಯರು ನಡುವೆಯೇ. “ಆಗಿಹೋದ ಮಾತು. ಅಂವ ಅಂತೂ ಹೋಗ್ಯಾನ.”

ಅವನು ನಿಲ್ಲಿಸಲಿಲ್ಲ. ಕೊನೆಯ ಗಂಟು ಮುಗಿದಾಗ ಕ್ಲಿಪ್ಪು ಹಾಕುವ ಬಂಡೆಪ್ಪ ಮೆಲ್ಲಗೆ ಕೇಳಿದ: “ಅವತ್ತ ನೋಡಿದ್ರ ಎಷ್ಟೊತ್ತು ಹಿಡೀತಿತ್ತರಿ, ಇದು?”

ಭಗವಂತ ಗಡಿಯಾರ ನೋಡಿದ. “ಹತ್ತು ನಿಮಿಷ.”

ಅವನು ವಹಿ ತೆರೆದು ಜೂನ್ ಆರರ ಪುಟದಲ್ಲಿ, ಒಂದೂಮುಕ್ಕಾಲು ಎಂಬುದರ ಕೆಳಗೆ, ಧೂಳಪ್ಪನ ಹೆಸರನ್ನು ಬರೆದ. ಅದರ ಮುಂದೆ ಅಳತೆಯನ್ನು ಬರೆದ. ಇಪ್ಪತ್ತಮೂರು ಗಂಟುಗಳು ಚುಕ್ಕೆಯ ಮೇಲೆಯೇ ಇದ್ದವು. ಉಳಿದ ಒಂದು ಜಾರಿದ್ದು, ಒಂದು ಇಂಚಿನ ಮೂವತ್ತೆರಡನೆಯ ಒಂದು ಭಾಗ.