ಹೆಸರು ಕೂಗದ ಇದಲೀನಾ

ಇದಲೀನಾ ಬೋರ್ಜೆಸ್ ಯಾರ ಹೆಸರನ್ನಾದರೂ ಕೂಗಿದ್ದನ್ನು ನಮ್ಮೂರಿನವರು ಕೇಳಿಲ್ಲ. ಪಶುವೈದ್ಯರ ಚಿಕಿತ್ಸಾಲಯದ ಮುಂಗೋಣೆಯ ಮೇಜು ಅವಳದು. ಸರದಿ ಬಂದಾಗ ಎದ್ದು, ಸೊಂಟದ ನೋವಿಗೆ ಒಂದು ಪಕ್ಕಕ್ಕೆ ವಾಲುತ್ತ, ನಾಯಿ ಬೆಕ್ಕು ಆಡುಗಳ ನಡುವೆ ದಾರಿ ಮಾಡಿಕೊಂಡು ಬಂದು, ಬೇಕಾದವರ ಹೆಗಲನ್ನು ಎರಡು ಬೆರಳಿನಿಂದ ಮೆಲ್ಲನೆ ಮುಟ್ಟುವಳು.

ಕ್ಯಾಲಿಫೋರ್ನಿಯದ ನಡುಕಣಿವೆಯಲ್ಲಿ ಹಾಲಿನ ದನ ಕಟ್ಟಿಕೊಂಡ ಪೋರ್ಚುಗೀಸರ ಊರು ಇದು. ಯಾರ ಹಸು ದಿನ ತುಂಬದೆ ಕಂದು ಹಾಕಿತು, ಯಾರ ಮಗಳು ಯಾರ ಕಾರು ಹತ್ತಿದಳು ಎಂಬುದೆಲ್ಲ ಭಾನುವಾರದ ಪೂಜೆ ಮುಗಿಯುವುದರೊಳಗೆ ಎಲ್ಲರ ಬಾಯಲ್ಲಿರುತ್ತದೆ. “ನನ್ನ ಗಿಣಿಗೆ ಏನಾಗಿದೆ ಅಂತ ನಂಗಾದ್ರೂ ಹೇಳ್ತೀಯೇನೆ?” ಎಂದು ಮುದುಕ ತಿಬೂರ್ಸಿಯೊ ಕೆಣಕಿದರೆ, “ಗಿಣಿ ಒಪ್ಪಿದ್ರೆ ಹೇಳ್ತೀನಿ” ಎನ್ನುವಳು, ನಗದೆ. ಸಾಕಿದವರ ಒಪ್ಪಿಗೆಯಿಲ್ಲದೆ ಅವರ ಪ್ರಾಣಿಯ ವಿಷಯ ಹೊರಗೆ ಬಿಡಕೂಡದೆಂಬ ರಾಜ್ಯದ ಕಾನೂನು ಅವಳಿಗೆ ಜಪಮಾಲೆಯಷ್ಟೇ ನಿತ್ಯದ್ದಾಗಿತ್ತು.

ಆ ನೇಮ ಅವಳ ಕರುಳಿಗೇ ತಾಗಿದ್ದು ದೆಲಿಯೊ ಬಂದ ದಿನ. ಅವನು ತಂಗಿಯ ಮಗ. ಜ್ಞಾನಸ್ನಾನದಲ್ಲಿ ಅವನನ್ನು ಎತ್ತಿ ಹಿಡಿದ ಧರ್ಮತಾಯಿ ಅವಳು. ಅವನ ಕುಡಿತಕ್ಕೂ ಮುಷ್ಟಿಗೂ ಹೆದರಿ ಹೆಂಡತಿ ಮಾರ್ಲೀನ್ ತನ್ನ ನಾಯಿಯೊಂದಿಗೆ ಊರು ಬಿಟ್ಟಿದ್ದಳು. ಹೊಸ ಊರಿನ ಪಶುವೈದ್ಯರು ನಾಯಿಯ ಚುಚ್ಚುಮದ್ದಿನ ವಿವರವನ್ನು ಇಲ್ಲಿಂದ ತರಿಸಿಕೊಂಡಿದ್ದರಿಂದ, ಅವಳಿರುವ ಜಾಗ ನಮ್ಮೂರಿನಲ್ಲಿ ಇದಲೀನಾಳಿಗೆ ಮಾತ್ರ ಗೊತ್ತಿತ್ತು.

“ಮಾದ್ರಿನ್ಯಾ,” ಎಂದ ದೆಲಿಯೊ, ಧರ್ಮತಾಯಿಯನ್ನು ಕರೆಯುವ ಚಿಕ್ಕಂದಿನ ಸಲುಗೆಯಲ್ಲೇ. “ಅಲ್ಲಿನ ಡಾಕ್ಟ್ರು ನಾಯಿ ವಿವರಕ್ಕೆ ನಿಮ್ಮನ್ನ ಕೇಳೇ ಇರ್ತಾರೆ. ಯಾವೂರು, ಅಷ್ಟು ಹೇಳು.”

“ಅದು ಅವಳದು, ಮಗಾ. ಕೊಡೋಕೆ ನಂದಲ್ಲ.”

“ಕುಡಿಯೋದು ಬಿಟ್ಟಿದೀನಿ.”

“ಒಳ್ಳೇದಾಯ್ತು.”

“ಹೋಗ್ಲಿ, ನಾಯಿ ಬದುಕಿದೆಯಾ? ಅದಾದ್ರೂ ಹೇಳು.”

ಅವನು ಅಳುತ್ತಿದ್ದ. ತಲೆಯಾಡಿಸಿದರೆ ಸಾಕಿತ್ತು, ಆದರೆ ಆ ತಲೆಯಾಟದ ಸುಳಿವು ಹಿಡಿದು ಅವನು ಕಣಿವೆಯ ಪ್ರತಿ ಪಶುವೈದ್ಯರ ಬಾಗಿಲನ್ನೂ ತಟ್ಟುವನೆಂದು ಅವಳಿಗೆ ಗೊತ್ತಿತ್ತು. ಮೇಜು ಸುತ್ತಿಬಂದು ಅವನ ಪಕ್ಕ ಕುಳಿತು, ಅಳು ನಿಲ್ಲುವವರೆಗೂ ತಲೆ ನೇವರಿಸಿದಳು. ಹೊರಡುವಾಗ ಆಶೀರ್ವಾದ ಕೇಳುವ ವಾಡಿಕೆಯಿದೆ, ಅವನು ಕೇಳಲಿಲ್ಲ. ಅವಳು ಅವನ ಬೆನ್ನಿಗೇ ಶಿಲುಬೆಯ ಗುರುತು ಮಾಡಿದಳು.

“ಇನ್ಮೇಲೆ ನಿನ್ನ ಕಾನೂನಿನ ಜೊತೇಲೇ ಕೂತು ಉಣ್ಣು, ಅಕ್ಕಾ,” ಎಂದಳು ವಿಷಯ ತಿಳಿದ ತಂಗಿ. ತಂಗಿಯ ಮನೆಯ ಭಾನುವಾರದ ಸಾರು, ಸಿಹಿ ರೊಟ್ಟಿ, ಮಕ್ಕಳ ಗಲಾಟೆ ಅಲ್ಲಿಗೆ ಮುಗಿಯಿತು.

ಕೆಲವು ತಿಂಗಳ ಮೇಲೆ ಮಾರ್ಲೀನ್ ಫೋನು ಮಾಡಿದಳು. ತನ್ನ ವಿಷಯ ಯಾರಿಗಾದರೂ ಹೋಗಿದೆಯೇ ಎಂದು ಕೇಳುವ ಹಕ್ಕು ಗಿರಾಕಿಗಿದೆ, ಅವಳು ಕೇಳಿದಳು.

“ಕೇಳ್ಕೊಂಡು ಬಂದಿದ್ರು. ನಮ್ಮಿಂದ ಏನೂ ಹೋಗಿಲ್ಲ.”

ಬಂದವರು ಯಾರೆಂದು ಮಾರ್ಲೀನ್ ಕೇಳಲಿಲ್ಲ. “ಅವ್ನು ಹೇಗಿದ್ದ? ಅತ್ನಾ?”

ಇದಲೀನಾ ಕಣ್ಣು ಮುಚ್ಚಿದಳು. ಅವನು ಅತ್ತ, ಕುಡಿತ ಬಿಟ್ಟಿದ್ದೇನೆಂದ ಎಂದು ಒಂದು ಮಾತು ಆಡಿದ್ದರೆ, ಆ ಹುಡುಗಿ ಹಿಂತಿರುಗುತ್ತಿದ್ದಳೋ ಏನೋ, ತಂಗಿಯ ಮನೆಯ ಬಾಗಿಲೂ ತೆರೆಯುತ್ತಿತ್ತೋ ಏನೋ.

“ಅದು ಅವನದು, ಮಗಳೇ,” ಎಂದಳು.

ಇಂಥವರು ಪ್ರತಿ ಊರಿನಲ್ಲೂ ಒಬ್ಬಿಬ್ಬರಿರುತ್ತಾರೆ. ಜನ ಅವರೆದುರು ಅಳುತ್ತಾರೆ, ಅವರ ಮೇಲೆ ಮುನಿಸಿಕೊಂಡು ಹೋಗುತ್ತಾರೆ, ತಮ್ಮ ಕಣ್ಣೀರು ಊರ ಬಾಯಿಗೆ ಬೀಳಲಿಲ್ಲವೆಂಬುದನ್ನು ಗಮನಿಸುವುದೂ ಇಲ್ಲ. ಪ್ರೀತಿಪಾತ್ರರ ಗುಟ್ಟನ್ನು ಪ್ರೀತಿಪಾತ್ರರಿಗೇ ಸಿಗದಂತೆ ಕಾಯಬೇಕಾದ ಕೆಲಸ ಅವರ ಪಾಲಿನದು. ಅದಕ್ಕೇ ಇರಬೇಕು, ಅವರ ಭಾನುವಾರಗಳು ಅಷ್ಟು ನಿಶ್ಶಬ್ದವಾಗಿರುತ್ತವೆ.